ಸ್ಥಳ ಬದಲಿಸಿದ ಸಂಗೀತ

ಅರಸೀಕೆರೆ ಜಂಕ್ಷನ್ನಿನಲ್ಲಿ ರೈಲು ಬದಲಿಸಿ ಹಾಸನದತ್ತ ಹೊರಡುವವರು ಗಂಟುಮೂಟೆಗಳನ್ನು ಎಣಿಸಿಕೊಳ್ಳುತ್ತಾರೆ. ಹಳೆಯ ಗಣಕದಿಂದ ಹೊಸದಕ್ಕೆ ಸಂಗೀತ ಸಾಗಿಸುವವರೂ ಎಣಿಸಬೇಕು. ಅಜ್ಜಿಯ ಹಾಡು ಕ್ಯಾಸೆಟ್ಟಿನಿಂದ ಗಣಕಕ್ಕೆ ಇಳಿದಿದ್ದು, ಕ್ಯಾಸೆಟ್ಟಿಗೆ ಬೂಷ್ಟು ಹಿಡಿದಿದ್ದರೆ ಆ ಒಂದು ಪ್ರತಿಯೇ ಗತಿ.

ಸಿ.ಡಿ.ಯಲ್ಲಿ ಧ್ವನಿತರಂಗದ ಏರಿಳಿತವನ್ನು ಸೆಕೆಂಡಿಗೆ 44,100 ಬಾರಿ ಅಳೆದು, ಪ್ರತಿಯೊಂದು ಅಳತೆಯನ್ನೂ 16 ದ್ವಿಮಾನ ಅಂಕಿಗಳಲ್ಲಿ ಬರೆದಿರುತ್ತದೆ. ಎಡಬಲಗಳೆರಡೂ ಸೇರಿ ಸೆಕೆಂಡಿಗೆ 14,11,200 ಅಂಕಿಗಳಾದುವು. ಕ್ಯಾಸೆಟ್ಟಿನ ನಕಲಿನ ನಕಲು ಮಂಕಾಗುತ್ತದೆ. ಅಂಕಿಗಳನ್ನು ತಪ್ಪಿಲ್ಲದೆ ಇಳಿಸಿದರೆ ನೂರನೆಯ ಪ್ರತಿಯೂ ಮೊದಲನೆಯದರಂತೆಯೇ. ಆದರೆ ಎಂ.ಪಿ.3 ಕಡತವನ್ನು ಮರಳಿ ಎಂ.ಪಿ.3 ಆಗಿ ಕುಗ್ಗಿಸುವುದು ನಕಲಲ್ಲ. ಕಿವಿಗೆ ಕೇಳಿಸದೆಂದು ಬಗೆದ ವಿವರವು ಪ್ರತಿಸಲವೂ ಒಂದಿಷ್ಟು ಹೋಗುತ್ತದೆ, ತಿರುಗಿ ಬಾರದು.

ಹಾಡುಗಳೆಲ್ಲ ಬಂದಿದ್ದರೂ ಹೊಸ ಯಂತ್ರವು 'ಕಡತ ಇಲ್ಲ' ಎನ್ನುವುದೇಕೆ? ಬಿ. ಎಲ್. ರೈಸ್ ಅವರು 1902ರಲ್ಲಿ ಹೊರತಂದ ಹಾಸನ ಜಿಲ್ಲೆಯ ಶಾಸನ ಸಂಪುಟವನ್ನು ನೆನೆಯೋಣ. ಬೇಲೂರು, ಅರಸೀಕೆರೆ ಎಂದು ತಾಲ್ಲೂಕುವಾರು ಕ್ರಮಸಂಖ್ಯೆ. ಜೊತೆಗೆ ಕಲ್ಲು ಇರುವ ಎಡೆಯ ಸೂಚನೆ. ಹಳೇಬೀಡಿನ ಕಲ್ಲೊಂದನ್ನು ಬೇರೆಡೆ ನಿಲ್ಲಿಸಿದರೆ ಅಕ್ಷರ ಅಳಿಯದು, ಸೂಚನೆ ಮಾತ್ರ ಸುಳ್ಳಾದೀತು. ಹಾಡುಗಳ ಪಟ್ಟಿಯಲ್ಲಿ ಇರುವುದೂ ಹಾಡಲ್ಲ, ವಿಳಾಸ. ಕೋಶಗಳ ಹೆಸರನ್ನೂ ಜೋಡಣೆಯನ್ನೂ ಕದಲಿಸದೆ ಸಾಗಿಸುವುದು ಲೇಸೆಂದು ನಾವು ಹೇಳುವುದು ಇದಕ್ಕಾಗಿಯೇ.

ಎಣಿಕೆಗೂ ಉಪಾಯವುಂಟು. ಎಸ್.ಎಚ್.ಎ.-256 ಎಂಬ ಲೆಕ್ಕವು ಕಡತದ ಸಮಸ್ತ ಅಂಕಿಗಳಿಂದ ಒಂದು ತಾಳೆಸಂಖ್ಯೆಯನ್ನು ಕಟ್ಟುತ್ತದೆ. ಒಂದೇ ಅಂಕಿ ತಪ್ಪಿದರೂ ಸಂಖ್ಯೆ ಗುರುತು ಸಿಗದಷ್ಟು ಬೇರೆಯಾಗುತ್ತದೆ. ಎರಡು ಗಣಕಗಳ ಸಂಖ್ಯೆಗಳೂ ತಾಳೆಯಾಗುವವರೆಗೆ ಹಳೆಯ ಡಿಸ್ಕನ್ನು ಅಳಿಸತಕ್ಕದ್ದಲ್ಲ.