ಸೋತವರು ಉಳಿಸಿದ ಗೋಡೆ

ಶ್ರೀರಂಗಪಟ್ಟಣದ ಕೋಟೆಯೊಳಗೆ, ಕಾವೇರಿಯ ಮಗ್ಗುಲಲ್ಲಿ, ತಗ್ಗಿನಲ್ಲೊಂದು ಸೆರೆಮನೆ ಇದೆ. ಮೆಟ್ಟಿಲಿಳಿದರೆ ಕಮಾನಿನ ಚಾವಣಿ, ಗೋಡೆಗುಂಟ ತೂತು ಕೊರೆದ ಕಲ್ಲುಚಪ್ಪಡಿಗಳು. ಕೈದಿಗಳ ಸರಪಳಿ ಬಿಗಿಯುತ್ತಿದ್ದುದು ಆ ತೂತುಗಳಿಗೆ. ಒಳಗೆ ಒಂದು ಫಿರಂಗಿ ಬಿದ್ದಿದೆ. 1799ರ ಮುತ್ತಿಗೆಯಲ್ಲಿ ಮೇಲಿನಿಂದ ಉರುಳಿ, ಚಾವಣಿ ಒಡೆದುಕೊಂಡು ಬಿತ್ತಂತೆ. ಈ ಸೆರೆಮನೆಗೆ ಇಂಗ್ಲಿಷರ ಕರ್ನಲ್ ಬೇಲಿಯ ಹೆಸರು ಅಂಟಿಕೊಂಡಿದೆ. 1780ರಲ್ಲಿ ಪೊಲ್ಲಿಲೂರಿನಲ್ಲಿ ಹೈದರ್ ಮತ್ತು ಟಿಪ್ಪುವಿನ ಸೈನ್ಯಕ್ಕೆ ಸೆರೆಸಿಕ್ಕ ಬೇಲಿ, 1782ರಲ್ಲಿ ಇದೇ ಊರಿನಲ್ಲಿ ಸೆರೆಯಾಳಾಗಿಯೇ ಸತ್ತ.

ಅಲ್ಲಿಂದ ಕೋಟೆ ದಾಟಿ ಗಂಜಾಂ ದಾರಿ ಹಿಡಿದೆ. ತೋಟದ ನಡುವೆ ಇರುವ ಟಿಪ್ಪುವಿನ ಬೇಸಿಗೆ ಅರಮನೆಗೆ ನೇರ ಹಾದಿ, ಎರಡೂ ಕಡೆ ಹುಲ್ಲುಹಾಸು. ಇಲ್ಲೂ ಫಿರಂಗಿಗಳಿವೆ, ಜನ ಒರಗಿ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ. ಅರಮನೆಯ ಸುತ್ತ ಇಳಿಬಿಟ್ಟ ಪರದೆಗಳು ಬಿಸಿಲನ್ನು ತಡೆಯುತ್ತವೆ. ಒಳಗೆ ಹೋದ ಮೇಲೆ ಕಣ್ಣು ಹೊಂದಿಕೊಳ್ಳಲು ಸ್ವಲ್ಪ ಹೊತ್ತು ಬೇಕು.

ಮೊದಲು ಪಶ್ಚಿಮದ ಗೋಡೆ. ಒಂದು ಕಡೆ ಹೈದರ್, ಟಿಪ್ಪುವಿನ ಮೆರವಣಿಗೆ. ಇನ್ನೊಂದು ಕಡೆ ಪೊಲ್ಲಿಲೂರಿನ ಯುದ್ಧ: ಕುದುರೆಗಳು, ಕತ್ತಿಗಳು, ಸ್ಫೋಟಗೊಂಡ ಮದ್ದಿನ ಬಂಡಿ, ಚೌಕವಾಗಿ ನಿಂತ ಕೆಂಪು ಕೋಟಿನ ಸಾಲು. ಅದರ ನಡುವೆ ಪಲ್ಲಕ್ಕಿಯಲ್ಲಿ ಬೇಲಿ. ಆಗಷ್ಟೇ ಆ ಸೆರೆಮನೆ ನೋಡಿ ಬಂದವನಿಗೆ ಇಲ್ಲಿಂದ ಕಣ್ಣು ಕೀಳಲಾಗಲಿಲ್ಲ. ಟಿಪ್ಪುವಿನ ಕೈಯಲ್ಲಿ ಹೂವೊಂದಿದೆ. ಅದು ಗೆದ್ದವನ ಠೀವಿಯೋ, ಬರೆದವನ ಮನಸ್ಸಿನಲ್ಲಿ ಬೇರೇನಿತ್ತೋ, ಎಷ್ಟು ನೋಡಿದರೂ ನನಗೆ ತೀರ್ಮಾನಿಸಲಾಗಲಿಲ್ಲ.

ನಾಗಮಂಗಲ, ಕೆ.ಆರ್. ಪೇಟೆ ಕಡೆಯ ವೀರಗಲ್ಲುಗಳು ನೆನಪಾದವು. ಅಲ್ಲಿ ಕಾದಾಟ ಕೆಳಗಿನ ಪಟ್ಟಿಕೆಯಲ್ಲಿ. ಅದರ ಮೇಲೆ ವೀರನನ್ನು ಒಯ್ಯುವ ಅಪ್ಸರೆಯರು, ತುದಿಯಲ್ಲಿ ಶಿವಸನ್ನಿಧಿ. ಸತ್ತವನಿಗೆ ಕಲ್ಲುಕುಟಿಗ ಒಂದು ನೆಲೆ ತೋರಿಸುತ್ತಾನೆ. ಈ ಗೋಡೆಯ ಮೇಲೆ ಅಂಥ ಮೇಲಿನ ಪಟ್ಟಿಕೆಯಿಲ್ಲ. ಇದು ವಿಜಯದ ಚಿತ್ರ, ಮುಚ್ಚುಮರೆಯಿಲ್ಲದ ಹೆಮ್ಮೆ.

ಹಾಗಾದರೆ ವೀರಗಲ್ಲು ಕೊಡುವಂಥ ಶಾಂತಿ ಇದರಲ್ಲಿ ಎಲ್ಲಿದೆ? ಚಿತ್ರದ ಮುಂದಿನ ಕಥೆಯಲ್ಲಿದೆ ಎಂದು ನನಗನ್ನಿಸುತ್ತದೆ. ಟಿಪ್ಪು ಬಿದ್ದ ಮೇಲೆ ಈ ಅರಮನೆಯಲ್ಲಿ ವಾಸವಿದ್ದವನು ಗೆದ್ದ ಪಕ್ಷದ ಕರ್ನಲ್ ವೆಲ್ಲೆಸ್ಲಿ. ತಮ್ಮವರ ಸೋಲನ್ನು ಇಷ್ಟು ದೊಡ್ಡದಾಗಿ ಬರೆದಿರುವ ಗೋಡೆಯನ್ನು ಕೆರೆದು ತೆಗೆಯುವುದು ಇಂಗ್ಲಿಷರಿಗೆ ಕಷ್ಟವಿರಲಿಲ್ಲ. ಬದಲಿಗೆ ವೆಲ್ಲೆಸ್ಲಿ ಹಾಳಾಗಿದ್ದ ಚಿತ್ರವನ್ನು ಸರಿಪಡಿಸಿದ. 1850ರ ದಶಕದಲ್ಲಿ ಗವರ್ನರ್ ಜನರಲ್ ಡಾಲ್‌ಹೌಸಿ ಮತ್ತೆ ಬರೆಸಿದ. ಹೈದರ್, ಟಿಪ್ಪುವಿನ ಸಮಾಧಿಯಿರುವ ಗುಂಬಜಿಗೆ ದಂತ ಕೂರಿಸಿದ ಬಾಗಿಲುಗಳನ್ನು ಕೊಟ್ಟವನೂ ಡಾಲ್‌ಹೌಸಿಯೇ. ರಾಜ್ಯ ಕಸಿಯುವುದರಲ್ಲಿ ಹೆಸರಾದವನು ಎಂಬುದನ್ನು ಮರೆಯಬೇಕಿಲ್ಲ. ಆದರೂ ಎದುರಾಳಿಯ ಹೆಮ್ಮೆಗೆ ಬಣ್ಣ ತುಂಬಿಸಿದ್ದು ಸಣ್ಣ ಕೆಲಸವಲ್ಲ.

ಪೂರ್ವದ ಗೋಡೆಯ ಮುಂದೆ ಜನ ಕಡಿಮೆ. ಇಲ್ಲಿ ಸಾಲು ಸಾಲಾಗಿ ಅರಸರ ಒಡ್ಡೋಲಗಗಳು: ತಂಜಾವೂರು, ಕಾಶಿಯ ರಾಜರು, ಪೇಶ್ವೆ, ಮಾಗಡಿ ಕೆಂಪೇಗೌಡ, ಕೃಷ್ಣರಾಜ ಒಡೆಯರು. ಚಿತ್ರದುರ್ಗದ ಮದಕರಿ ನಾಯಕನೂ ಇದ್ದಾನೆ. 1779ರಲ್ಲಿ ಹೈದರ್ ಅವನ ದುರ್ಗವನ್ನು ಗೆದ್ದು, ಅವನನ್ನು ಸೆರೆಹಿಡಿದು ತಂದದ್ದು ಇದೇ ಊರಿಗೆ. ಆ ಹೈದರನ ಮಗನ ಅರಮನೆಯಲ್ಲಿ ಮದಕರಿ ಈಗ ಅರಸನಾಗಿಯೇ ಕುಳಿತಿದ್ದಾನೆ. ಇಡೀ ಅರಮನೆಯಲ್ಲಿ ನನಗೆ ಹೆಚ್ಚು ಹಿಡಿಸಿದ್ದು ಈ ಗೋಡೆ.

ನೀವು ಹೋದಾಗ ಪೊಲ್ಲಿಲೂರಿನ ಚಿತ್ರ ನೋಡಿ ಹಾಗೇ ಹೊರಟುಬಿಡಬೇಡಿ. ಪೂರ್ವದ ಕಡೆಗೂ ಬನ್ನಿ, ಮದಕರಿಯನ್ನು ಹುಡುಕಿ. ಗೋಡೆಯನ್ನು ಮಾತ್ರ ಮುಟ್ಟಬೇಡಿ.