ಕೋಳಿ ಗೂಡಿನಿಂದ ಸುಪ್ರೀಂ ಕೋರ್ಟಿಗೆ

ಗೂಡಿನ ತುಂಬ ಕೋಳಿಗಳಿವೆ. ಕೊಳ್ಳಲು ಬಂದ ಚಿಲ್ಲರೆ ವ್ಯಾಪಾರಿ ಇಡೀ ಗೂಡನ್ನೋ ಅರ್ಧ ಗೂಡನ್ನೋ ಕೊಂಡರೆ ತಕರಾರಿಲ್ಲ. ಬಿಡಿಯಾಗಿ ಕೊಳ್ಳುವುದಾದರೆ ಮಾತ್ರ ಕೈಗೆ ಮೊದಲು ಸಿಕ್ಕ ಕೋಳಿಯನ್ನೇ ಒಯ್ಯಬೇಕು. ಇದು ಬೇಡ, ಅದು ಕೊಡು ಎನ್ನುವಂತಿಲ್ಲ. ಹಾಗೆ ಆರಿಸಲು ಬಿಟ್ಟ ಮಾರಾಟಗಾರ ಅಪರಾಧಿ! 1934ರಲ್ಲಿ ನ್ಯೂಯಾರ್ಕಿನ ಕೋಳಿ ವ್ಯಾಪಾರಕ್ಕೆ ಅಮೆರಿಕದ ಕೇಂದ್ರ ಸರ್ಕಾರ ಜಾರಿಗೆ ತಂದಿದ್ದ ನಿಯಮವಿದು.

ಬ್ರೂಕ್ಲಿನ್‌ನಲ್ಲಿ ಷೆಕ್ಟರ್ ಸಹೋದರರು ಯಹೂದಿ ಸಂಪ್ರದಾಯದಂತೆ ಕೋಳಿ ಕೊಯ್ದು ಸಗಟಾಗಿ ಮಾರುತ್ತಿದ್ದರು. ಗಿರಾಕಿಗಳಿಗೆ ಆರಿಸಲು ಬಿಟ್ಟರು, ನಿಗದಿಗಿಂತ ಕಡಿಮೆ ಕೂಲಿ ಕೊಟ್ಟರು, ತಿನ್ನಲು ಯೋಗ್ಯವಲ್ಲದ ಕೋಳಿ ಮಾರಿದರು ಎಂದು ಅವರ ಮೇಲೆ ಮೊಕದ್ದಮೆ ಬಿತ್ತು. ಶಿಕ್ಷೆಯೂ ಆಯಿತು. ಅವರು ಸುಪ್ರೀಂ ಕೋರ್ಟಿಗೆ ಹೋದರು. 'ರೋಗದ ಕೋಳಿ ಮೊಕದ್ದಮೆ' ಎಂದು ಹೆಸರಾದ ಈ ವ್ಯಾಜ್ಯವನ್ನು ಅಮೆರಿಕದ ಕಾನೂನು ವಿದ್ಯಾರ್ಥಿಗಳು ಇಂದಿಗೂ ಓದುತ್ತಾರೆ.

ಇಷ್ಟು ಚಿಕ್ಕ ಸಂಗತಿ ಅಷ್ಟು ದೊಡ್ಡದಾದದ್ದು ಹೇಗೆ? ಅದು ಮಹಾ ಆರ್ಥಿಕ ಕುಸಿತದ ಕಾಲ. ಉದ್ಯಮಗಳನ್ನು ಮೇಲೆತ್ತಲು ಅಧ್ಯಕ್ಷ ರೂಸ್‌ವೆಲ್ಟ್ 1933ರಲ್ಲಿ ರಾಷ್ಟ್ರೀಯ ಕೈಗಾರಿಕಾ ಪುನಶ್ಚೇತನ ಕಾಯ್ದೆ ತಂದರು. ಒಂದೊಂದು ಉದ್ಯಮದ ವರ್ತಕರ ಸಂಘವೂ 'ನ್ಯಾಯಯುತ ಸ್ಪರ್ಧೆ'ಗೆ ತಾನೇ ಒಂದು ಸಂಹಿತೆ ಬರೆದುಕೊಡುವುದು, ಅಧ್ಯಕ್ಷರು ಅದಕ್ಕೆ ಅಂಕಿತ ಹಾಕುವುದು, ಅಂಕಿತ ಬಿದ್ದೊಡನೆ ಅದು ಕಾನೂನಾಗುವುದು, ಮೀರಿದವನಿಗೆ ಶಿಕ್ಷೆ. ಇಂಥ ಐನೂರಕ್ಕೂ ಹೆಚ್ಚು ಸಂಹಿತೆಗಳು ಬಂದವು. ನ್ಯಾಯಯುತ ಸ್ಪರ್ಧೆ ಎಂದರೇನು ಎಂಬುದನ್ನು ಮಾತ್ರ ಕಾಯ್ದೆ ಹೇಳಿರಲಿಲ್ಲ.

ಅಮೆರಿಕದ ಸಂವಿಧಾನದ ಮೊದಲ ವಿಧಿ ಶಾಸನ ಮಾಡುವ ಅಧಿಕಾರವನ್ನೆಲ್ಲ ಕಾಂಗ್ರೆಸ್ಸಿಗೆ, ಅಂದರೆ ಅಲ್ಲಿನ ಸಂಸತ್ತಿಗೆ, ಕೊಡುತ್ತದೆ. ನಿಯಂತ್ರಣ ಸಂಸ್ಥೆಗಳ ಮಾತೇ ಅದರಲ್ಲಿಲ್ಲ. ಆದರೆ ರೈಲ್ವೆ ದರಗಳ ಮೇಲೆ ಕಣ್ಣಿಡಲು 1887ರಲ್ಲಿ ಒಂದು ಆಯೋಗ ಹುಟ್ಟಿದ ಮೇಲೆ ಇಂಥವು ಬೆಳೆಯುತ್ತಲೇ ಹೋದವು. ನಿಯಮ ಮಾಡುವುದು, ಜಾರಿಗೆ ತರುವುದು, ಮುರಿದವರ ವಿಚಾರಣೆ ನಡೆಸುವುದು, ಹೀಗೆ ಸಂವಿಧಾನ ಮೂರು ಕಡೆ ಹಂಚಿಟ್ಟ ಕೆಲಸಗಳು ಅನೇಕ ವೇಳೆ ಒಂದೇ ಸೂರಿನಡಿ ಬಂದವು. ಮುಖ್ಯ ವಿಷಯ ಕಾಂಗ್ರೆಸ್ಸೇ ತೀರ್ಮಾನಿಸಬೇಕು, ವಿವರ ತುಂಬುವುದನ್ನು ಬೇರೆಯವರಿಗೆ ಬಿಡಬಹುದು ಎಂದು ಮುಖ್ಯ ನ್ಯಾಯಮೂರ್ತಿ ಮಾರ್ಷಲ್ 1825ರಲ್ಲೇ ಹೇಳಿದ್ದರು. ಹಾಗೆ ಬಿಡುವಾಗ ಅರ್ಥವಾಗುವಂಥ ಒಂದು ಮಾರ್ಗಸೂತ್ರ ಇರಲೇಬೇಕೆಂದು 1928ರಲ್ಲಿ ಕೋರ್ಟು ಸೇರಿಸಿತು.

ಷೆಕ್ಟರ್ ತೀರ್ಪಿಗೆ ಕೆಲವು ತಿಂಗಳು ಮೊದಲು, 1935ರ ಜನವರಿಯಲ್ಲಿ, ಇದೇ ಕಾಯ್ದೆಯಡಿಯ ಪೆಟ್ರೋಲಿಯಂ ಮೊಕದ್ದಮೆಯೊಂದರಲ್ಲಿ ಸರ್ಕಾರದ ಮಾನ ಹೋಗಿತ್ತು. ಯಾವ ನಿಯಮ ಮುರಿದರೆಂದು ಜನರ ಮೇಲೆ ಆರೋಪ ಹೊರಿಸಲಾಗಿತ್ತೋ ಆ ನಿಯಮವೇ ತಿದ್ದುಪಡಿಯ ವೇಳೆ ಕಣ್ತಪ್ಪಿ ಬಿಟ್ಟುಹೋಗಿತ್ತು! ಅದು ಬಹಳ ಕಾಲ ಯಾರ ಗಮನಕ್ಕೂ ಬಂದಿರಲಿಲ್ಲ. ನಿಯಮಗಳನ್ನೆಲ್ಲ ಒಂದೆಡೆ ಅಚ್ಚು ಹಾಕಿಸುವ ಏರ್ಪಾಡೇ ಆಗ ಇರಲಿಲ್ಲವಲ್ಲ. ಆ ವರ್ಷವೇ ಕೇಂದ್ರ ಗೆಜೆಟ್ಟಿಗಾಗಿ ಕಾನೂನು ಮಾಡಬೇಕಾಯಿತು.

1935ರ ಮೇ 27ರಂದು ಷೆಕ್ಟರ್ ತೀರ್ಪು ಬಂತು. ಒಂಬತ್ತು ನ್ಯಾಯಮೂರ್ತಿಗಳೂ ಒಮ್ಮತದಿಂದ ಸಂಹಿತೆಯನ್ನು ತಳ್ಳಿಹಾಕಿದರು. ಕಾಂಗ್ರೆಸ್ಸು ತನ್ನ ಅಧಿಕಾರವನ್ನು ಹೀಗೆ ಲಂಗುಲಗಾಮಿಲ್ಲದೆ ಬಿಟ್ಟುಕೊಡುವಂತಿಲ್ಲ ಎಂದರು ಮುಖ್ಯ ನ್ಯಾಯಮೂರ್ತಿ ಹ್ಯೂಸ್. ಕೋಳಿಗಳು ಹೊರರಾಜ್ಯಗಳಿಂದ ಬಂದವೇ ಆದರೂ ಬ್ರೂಕ್ಲಿನ್ ಮುಟ್ಟಿದ ಮೇಲೆ ಅವು ಸ್ಥಳೀಯ ವ್ಯಾಪಾರದ ಸರಕು, ಕೇಂದ್ರಕ್ಕೆ ಅಲ್ಲಿ ಕೆಲಸವಿಲ್ಲ ಎಂಬುದು ಇನ್ನೊಂದು ಕಾರಣ. ರೂಸ್‌ವೆಲ್ಟರ ಧೋರಣೆಗಳಿಗೆ ಒಲವು ತೋರುತ್ತಿದ್ದ ಕಾರ್ಡೋಜೊ ಅವರೂ ಇಲ್ಲಿ ಅಧ್ಯಕ್ಷರ ಕೈಬಿಟ್ಟರು. ಅದೇ ದಿನ ಇನ್ನೊಂದು ತೀರ್ಪಿನಲ್ಲಿ, ವಾಣಿಜ್ಯ ಆಯೋಗದ ಸದಸ್ಯರನ್ನು ಅಧ್ಯಕ್ಷರು ಮನಸ್ಸಿಗೆ ಬಂದಂತೆ ವಜಾ ಮಾಡುವಂತಿಲ್ಲ ಎಂದೂ ಕೋರ್ಟು ಹೇಳಿತು. ಆ ವಜಾ ಪ್ರಶ್ನೆ 2025ರಲ್ಲಿ ಮತ್ತೆ ಅದೇ ಕೋರ್ಟಿನ ಮೆಟ್ಟಿಲು ಹತ್ತಿತು.

ಈ ಕೋಳಿ ತೀರ್ಪಿನ ಸದ್ದು ನಮ್ಮಲ್ಲಿಗೂ ಮುಟ್ಟಿತ್ತು. 1951ರ ದೆಹಲಿ ಕಾನೂನುಗಳ ಕಾಯ್ದೆ ಪ್ರಕರಣದಲ್ಲಿ ನಮ್ಮ ಸುಪ್ರೀಂ ಕೋರ್ಟು ಅದನ್ನೂ ಚರ್ಚಿಸಿತು. ಏಳು ನ್ಯಾಯಮೂರ್ತಿಗಳು ಏಳು ಅಭಿಪ್ರಾಯ ಬರೆದರು. ಶಾಸನದ ತಿರುಳಿನ ಕೆಲಸವನ್ನು ಶಾಸಕಾಂಗ ಪರರಿಗೆ ಒಪ್ಪಿಸಕೂಡದು ಎಂಬುದು ಅದರಿಂದ ನಮಗೆ ದಕ್ಕಿದ ಸೂತ್ರ.

ಅಮೆರಿಕದಲ್ಲೋ, ಸರ್ಕಾರಿ ಸಂಸ್ಥೆಗೆ ಮಿತಿಮೀರಿ ಅಧಿಕಾರ ವಹಿಸಿತೆಂಬ ಕಾರಣಕ್ಕೆ ಕಾಂಗ್ರೆಸ್ಸಿನ ಕಾಯ್ದೆಯೊಂದನ್ನು ಸುಪ್ರೀಂ ಕೋರ್ಟು ಹೊಡೆದುಹಾಕಿದ್ದು ಆ 1935ರಲ್ಲೇ ಕೊನೆ. ಆಮೇಲಿನ ಕಡಿವಾಣಗಳು ಬೇರೆ ಬೇರೆ ದಾರಿಯಿಂದ ಬಂದವು.

ಅವುಗಳಲ್ಲಿ ಒಂದರ ನಾಯಕ ಭಾರತೀಯ ಮೂಲದವರು. ಕೆನ್ಯಾದಲ್ಲಿ ಹುಟ್ಟಿ, ಬ್ರಿಟಿಷ್ ಪಾಸ್‌ಪೋರ್ಟ್ ಹಿಡಿದು, 1966ರಲ್ಲಿ ಓದಲೆಂದು ಅಮೆರಿಕಕ್ಕೆ ಹೋದ ಜಗದೀಶ್ ರಾಯ್ ಚಡ್ಡಾ. ವೀಸಾ ಅವಧಿ 1972ರಲ್ಲಿ ಮುಗಿಯಿತು. ಅವರ ಕಷ್ಟ ನೋಡಿ ವಲಸೆ ಅಧಿಕಾರಿಗಳು ಗಡಿಪಾರನ್ನು ತಡೆಹಿಡಿದರು. ಆದರೆ ಅಧಿಕಾರಿಗಳ ಇಂಥ ನಿರ್ಧಾರವನ್ನು ಯಾವುದಾದರೂ ಒಂದು ಸದನ ತಾನೊಂದೇ ತಳ್ಳಿಹಾಕಬಹುದು ಎಂದು ಕಾನೂನಿತ್ತು. 1975ರ ಡಿಸೆಂಬರಿನಲ್ಲಿ ಕೆಳಮನೆ ಹಾಗೆಯೇ ಮಾಡಿತು. ಎರಡು ಸದನಗಳ ಒಪ್ಪಿಗೆಯೂ ಅಧ್ಯಕ್ಷರ ಮುಂದೆ ಮಂಡನೆಯೂ ಇಲ್ಲದ ಇಂಥ ವೀಟೊ ಸಂವಿಧಾನಬಾಹಿರ ಎಂದು 1983ರಲ್ಲಿ ಕೋರ್ಟು ತೀರ್ಪಿತ್ತಿತು. ಚಡ್ಡಾ ಅಲ್ಲೇ ಉಳಿದರು. ಅಷ್ಟು ದೊಡ್ಡ ಅಧಿಕಾರಶಾಹಿಯ ಮೇಲೆ ಕಾಂಗ್ರೆಸ್ಸಿಗಿದ್ದ ಸುಲಭದ ಹಗ್ಗವೊಂದು ಕಡಿದುಹೋಯಿತೆಂಬುದೂ ನಿಜವೇ. ಒಬ್ಬನಿಗೆ ಸಿಕ್ಕ ನ್ಯಾಯ ವ್ಯವಸ್ಥೆಗೆ ಹೀಗೂ ತೊಡಕಾಗುತ್ತದೆ.

ಮರುವರ್ಷವೇ ಕೋರ್ಟು ಸಂಸ್ಥೆಗಳ ಕಡೆ ವಾಲಿತು. ಕಾಯ್ದೆಯ ಮಾತು ಅಸ್ಪಷ್ಟವಾಗಿದ್ದರೆ ಸಂಸ್ಥೆ ಹೇಳುವ ಸಮಂಜಸ ಅರ್ಥಕ್ಕೆ ನ್ಯಾಯಾಲಯ ತಲೆಬಾಗಬೇಕು ಎಂದಿತು 1984ರ ಷೆವ್ರಾನ್ ತೀರ್ಪು. ಆಗ ಗೆದ್ದದ್ದು ರೇಗನ್ ಸರ್ಕಾರ, ಸೋತದ್ದು ಪರಿಸರವಾದಿಗಳು. ನಲವತ್ತು ವರ್ಷ ಕಳೆಯುವಷ್ಟರಲ್ಲಿ ಪಾತ್ರಗಳು ಅದಲುಬದಲಾಗಿದ್ದವು. ಷೆವ್ರಾನ್ ಹೋಗಲಿ ಎಂದವರು ಬಲಪಂಥದವರು, ಇರಲಿ ಎಂದವರು ಪರಿಸರವಾದಿಗಳು. ಅದನ್ನು ಕೆಡವಿದ್ದು ಹೆರಿಂಗ್ ಮೀನು ಹಿಡಿಯುವವರ ದೂರು. ಮೀನುಗಾರಿಕೆಯ ಮೇಲೆ ನಿಗಾ ಇಡಲು ದೋಣಿಯಲ್ಲಿ ಕೂರುವ ವೀಕ್ಷಕನ ಸಂಬಳ, ದಿನಕ್ಕೆ ಸುಮಾರು 710 ಡಾಲರ್, ದೋಣಿಯವನೇ ಕೊಡಬೇಕೆಂದು ಸಂಸ್ಥೆ ನಿಯಮ ಮಾಡಿತ್ತು. ಹೆರಿಂಗ್ ದೋಣಿಗಳು ಕೊಡಬೇಕೆಂದು 1976ರ ಕಾಯ್ದೆ ಎಲ್ಲೂ ಹೇಳಿರಲಿಲ್ಲ. ಕಾನೂನಿನ ಅರ್ಥ ಹೇಳುವುದು ನ್ಯಾಯಾಧೀಶರ ಕೆಲಸ, ಅಧಿಕಾರಿಗಳದಲ್ಲ ಎಂದು 2024ರ ಜೂನ್ 28ರಂದು ಮುಖ್ಯ ನ್ಯಾಯಮೂರ್ತಿ ರಾಬರ್ಟ್ಸ್ ಬರೆದರು. ಔಷಧಿ, ಗಾಳಿ, ನೀರಿನ ಸೂಕ್ಷ್ಮಗಳನ್ನು ತಜ್ಞರಿಗಿಂತ ನ್ಯಾಯಾಧೀಶರು ಬಲ್ಲರೇ ಎಂಬುದು ನ್ಯಾಯಮೂರ್ತಿ ಕೇಗನ್ ಅವರ ಭಿನ್ನಮತದ ಧಾಟಿ. ಎರಡೂ ಕಡೆ ಹುರುಳಿದೆ. ಆದರೂ ತನ್ನ ಅಧಿಕಾರದ ಗಡಿಯನ್ನು ತಾನೇ ಗೆರೆ ಹಾಕಿಕೊಳ್ಳುವ ಸಂಸ್ಥೆಯನ್ನು ನಂಬುವುದು ಸುಲಭವಲ್ಲ.

ಹಾಗೆಂದು ಷೆಕ್ಟರ್ ಕಾಲ ಮರಳಿ ಬಂತೆಂದುಕೊಳ್ಳಬಾರದು. ಹಳ್ಳಿಗಳಿಗೂ ಬಡವರಿಗೂ ದೂರವಾಣಿ ಸೇವೆ ಒದಗಿಸುವ ನಿಧಿಗೆ ಕಂಪನಿಗಳು ಎಷ್ಟು ಕೊಡಬೇಕೆಂದು ಸಂಪರ್ಕ ಆಯೋಗ ನಿಗದಿ ಮಾಡುತ್ತದೆ. ಕಂಪನಿಗಳು ಅದನ್ನು ಗ್ರಾಹಕರ ಬಿಲ್ಲಿಗೆ ಸೇರಿಸುತ್ತವೆ. ಇದು ಕಾಂಗ್ರೆಸ್ಸಿನ ಕೆಲಸ ಎಂಬ ವಾದ 2025ರ ಜೂನ್‌ನಲ್ಲಿ ಕೋರ್ಟಿನ ಮುಂದೆ ಬಂದಾಗ ಆರು ಮಂದಿ ಆಯೋಗದ ಪರ ನಿಂತರು. ಬಹುಮತದ ತೀರ್ಪು ಬರೆದದ್ದು ಕೇಗನ್. ಭಿನ್ನಮತ ಬರೆದ ಗೊರ್ಸಚ್, ತೆರಿಗೆ ಹಾಕುವ ಕೈ ಜನ ಆರಿಸಿದವರದೇ ಆಗಿರಬೇಕೆಂಬ ಹಟ ಬಿಡಲಿಲ್ಲ.