ರೆಪ್ಪೆಯಂಚಿನ ಎಣ್ಣೆಯ ಒರತೆಗಳು

ಎವೆಯಿಕ್ಕದೆ ಅರೆನಿಮಿಷ ನೋಡಿರಿ, ಕಣ್ಣು ಉರಿಯತೊಡಗುತ್ತದೆ. ಕಣ್ಣನ್ನು ತೋಯಿಸಿರುವ ನೀರಿನ ಪೊರೆ ಆರುತ್ತಿರುವುದೇ ಇದಕ್ಕೆ ಕಾರಣ. ಅದು ಇನ್ನೂ ಬೇಗನೆ ಆರದಂತೆ ಕಾಯುವುದು ಮೇಲೆ ಹರಡಿರುವ ಎಣ್ಣೆಯ ಪದರ. ಅದರ ದಪ್ಪ ಮಿಲಿಮೀಟರಿನ ಹತ್ತು ಸಾವಿರದಲ್ಲೊಂದು ಪಾಲು, ಇಲ್ಲವೆ ಅದಕ್ಕೂ ಕಡಿಮೆ.

ಈ ಎಣ್ಣೆ ಜಿನುಗುವುದು ರೆಪ್ಪೆಯಂಚಿನಲ್ಲಿ ಸಾಲಾಗಿ ಬಾಯ್ದೆರೆದಿರುವ ಗ್ರಂಥಿಗಳಿಂದ. 1666ರಲ್ಲಿ ಇವನ್ನು ವರ್ಣಿಸಿದ ಜರ್ಮನ್ ವೈದ್ಯ ಹೈನ್ರಿಕ್ ಮೈಬೋಮನ ಹೆಸರೇ ಇವಕ್ಕೆ ಉಳಿದಿದೆ. ಗ್ರಂಥಿಗಳು ಕೆಟ್ಟರೆ ಕಣ್ಣು ಒಣಗಿ ದೃಷ್ಟಿ ಮಸುಕಾಗುತ್ತದೆ. ಬಿಸಿ ಬಟ್ಟೆಯ ಕಾವು ಗಟ್ಟಿಯಾದ ಎಣ್ಣೆಯನ್ನು ಕರಗಿಸೀತು. ಆದರೆ ರೋಗದ ಮೂಲವೆಲ್ಲಿ?

ಪ್ರತಿಯೊಂದು ಜೀವಕೋಶದಲ್ಲಿಯೂ ಸಾವಿರಾರು ವಂಶವಾಹಿಗಳಿವೆ. ಎಲ್ಲವೂ ಏಕಕಾಲಕ್ಕೆ ದುಡಿಯುವುದಿಲ್ಲ. ದುಡಿಯುವ ವಂಶವಾಹಿ ತನ್ನ ಸಂದೇಶವನ್ನು ಆರ್‌ಎನ್‌ಎ ಎಂಬ ಅಣುವಾಗಿ ನಕಲಿಸುತ್ತದೆ. ಆ ನಕಲುಗಳನ್ನು ಅಳೆದರೆ ಯಾವುದು ಚುರುಕು, ಯಾವುದು ಮಂದ ಎಂದು ತಿಳಿಯುತ್ತದೆ. ಬಾಸ್ಟನ್ನಿನ ಷೆಪೆನ್ಸ್ ನೇತ್ರ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಆರೋಗ್ಯವಂತರ ಮತ್ತು ರೋಗಿಗಳ ಗ್ರಂಥಿಗಳನ್ನು ಹೀಗೆಯೇ ಹೋಲಿಸಿ, 2011ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಸುಮಾರು 400 ವಂಶವಾಹಿಗಳ ನಡತೆ ಬದಲಾಗಿತ್ತು. ಚರ್ಮವನ್ನು ಗಡುಸಾಗಿಸುವ ಕ್ರಿಯೆಗೆ ಸಂಬಂಧಿಸಿದ ಕೆಲವು ವಂಶವಾಹಿಗಳು ಅತಿಯಾಗಿ ದುಡಿಯುತ್ತಿದ್ದುವು. ಉಗುರು, ಕೂದಲುಗಳ ದ್ರವ್ಯವಾದ ಕೆರಾಟಿನ್ ನಾಳದ ಬಾಯಿಯನ್ನು ಮುಚ್ಚುತ್ತದೆಂಬ ಹಿಂದಿನ ಊಹೆಗೆ ಇದು ಬಲ ತಂದಿತು.

ತಡೆ ಎಲ್ಲಿದೆಯೆಂದು ಅರಿತರೆ ಮದ್ದಿಗೂ ಗುರಿ ದೊರೆಯುತ್ತದೆ. ತಲೆಹೊಟ್ಟಿಗೆ ಬಳಸುವ ಸೆಲೆನಿಯಮ್ ಸಲ್ಫೈಡು ಕೆರಾಟಿನ್ನನ್ನು ಸಡಿಲಿಸಬಲ್ಲುದು. ಅದರ ಮುಲಾಮನ್ನು ರೆಪ್ಪೆಗೆ ಹಚ್ಚಿ ರೋಗಿಗಳಲ್ಲಿ ಪರೀಕ್ಷಿಸಲಾಗಿದೆ. ಆದರೂ ಎಚ್ಚರ ಬೇಕು: ಬದಲಾದ ವಂಶವಾಹಿಯೆಲ್ಲ ರೋಗದ ಕಾರಣವಲ್ಲ, ಕೆಲವು ಅದರ ಪರಿಣಾಮವೂ ಆಗಿರಬಹುದು. ಇವೆರಡನ್ನು ಬೇರ್ಪಡಿಸುವುದೇ ಮುಂದಿನ ಕೆಲಸ.